ಪಂಚಮಿಯಿಂದ ದೀಪಾವಳಿಗೆ: ಯರಗುಪ್ಪಿ ಸೀಮೆಯ ಅತ್ತೆಯಂದಿರಿಗೆ ಒಂದು ಬಹಿರಂಗ ಪತ್ರ

ಯರಗುಪ್ಪಿಯ ಮತ್ತು ಕುಂದಗೋಳ ತಾಲ್ಲೂಕಿನ ಸುತ್ತಲ ಹಳ್ಳಿಗಳ ಮಾನ್ಯ ಅತ್ತೆಯಂದಿರಿಗೆ, ತಾಯಂದಿರಿಗೆ, ಮನೆಯ ಹಿರಿಯ ಹೆಣ್ಣುಮಕ್ಕಳಿಗೆ,



ಈ ಪತ್ರ ಸೊಸೆಯಂದಿರಿಗೆ ಹೋಗಬೇಕಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಬಸುರು ಅವರದು, ವಾಂತಿ ಅವರದು, ಸುಸ್ತೂ ಅವರದೇ. ಆದರೆ ಕಸ ತೆಗೆಯಲು ಹೊಲಕ್ಕೆ ಯಾರು ಹೋಗಬೇಕು, ಹುಬ್ಬಳ್ಳಿ ಬಸ್ಸನ್ನು ಯಾವತ್ತು ಹತ್ತಬೇಕು, ಮನೆಯ ಯಾವ ಸುದ್ದಿ ಓಣಿಗೆ ಯಾವಾಗ ಗೊತ್ತಾಗಬೇಕು ಎಂಬುದನ್ನು ಹೆಚ್ಚಿನ ಮನೆಗಳಲ್ಲಿ ತೀರ್ಮಾನಿಸುವವರು ನೀವು. ಪತ್ರ ಬರೆದಾಕೆ ಡಾಕ್ಟರಲ್ಲ. ಆರೋಗ್ಯದ ಸಂಗತಿಗಳನ್ನು ಓದಿ, ಬಲ್ಲವರನ್ನು ಕೇಳಿ ಪತ್ರಿಕೆಗೆ ಬರೆಯುವವಳು. ಆಕೆ ನಿಮ್ಮ ಮುಂದಿಡುತ್ತಿರುವುದು ಒಂದೇ ವಿಷಯ, ಅವಳಿ-ಜವಳಿ ಬಸುರಿನ ಮೊದಲ ಮೂರು ತಿಂಗಳು.

"ಮೂರು ತಿಂಗಳ ತುಂಬೂಮಟಾ ಯಾರ ಮುಂದೂ ಬಾಯಿ ಬಿಡಬ್ಯಾಡ." ಈ ಮಾತನ್ನು ನಿಮ್ಮ ಅತ್ತೆ ನಿಮಗೆ ಹೇಳಿದ್ದರು, ನೀವು ಸೊಸೆಗೆ ಹೇಳುತ್ತೀರಿ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಬಸುರು ಇಳಿದುಹೋಗುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಎಂಬುದು ಹಿಂದಿನವರಿಗೆ ಕಂಡು ಗೊತ್ತಿತ್ತು. ಊರಿಗೆಲ್ಲ ಹೇಳಿ, ಆಮೇಲೆ ಇಳಿದುಹೋದರೆ ಆ ಹುಡುಗಿ ಹತ್ತು ಜನರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ಸೊಸೆಯನ್ನು ಅದರಿಂದ ಕಾಯುವ ಜಾಣತನ ಆ ಮೌನದಲ್ಲಿದೆ. ಓಣಿಗೆ ಹೇಳಬೇಡಿ, ತೊಂದರೆಯಿಲ್ಲ. ಆಶಾ ಕಾರ್ಯಕರ್ತೆಗೆ ಮಾತ್ರ ಹೇಳಿ ಎಂಬುದಷ್ಟೇ ಕೋರಿಕೆ. ಹೊಟ್ಟೆಯಲ್ಲಿ ಎರಡು ಕೂಸಿದ್ದರೆ, ತಿಳಿದುಕೊಳ್ಳಲೇಬೇಕಾದ ಒಂದು ಸಂಗತಿ ಆ ಮೂರು ತಿಂಗಳ ಕೊನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ದಿನ ಕಳೆದಂತೆ ಮಸುಕಾಗುತ್ತ ಹೋಗುತ್ತದೆ.

ನಮ್ಮ ಮನೆಯಲ್ಲೆಲ್ಲಿ ಅವಳಿ-ಜವಳಿ ಎನ್ನಬೇಡಿ. ತಾನಾಗಿ ನಿಂತ ಬಸುರಿನಲ್ಲಿ ಸುಮಾರು 80-90 ಹೆರಿಗೆಗೆ ಒಂದು ಜೋಡಿ ಹುಟ್ಟುತ್ತದೆ ಎಂಬುದು ಹಳೆಯ ಲೆಕ್ಕ. ವರ್ಷಕ್ಕೆ ನೂರರಷ್ಟು ಹೆರಿಗೆಯಾಗುವ ದೊಡ್ಡ ಹಳ್ಳಿಯಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ ಎಂದಾಯಿತು. ಮಕ್ಕಳಾಗಲಿಲ್ಲವೆಂದು ಹುಬ್ಬಳ್ಳಿಗೆ ತೋರಿಸಿ, ತತ್ತಿ ಬೆಳೆಸುವ ಗುಳಿಗೆ ನುಂಗಿ ಬಸುರಾದವರಲ್ಲಿ ಇದು ಇನ್ನೂ ಹೆಚ್ಚು. ಕ್ಲೋಮಿಫಿನ್ ಎಂಬ ಗುಳಿಗೆಯಿಂದಾದ ಬಸುರಿನಲ್ಲಿ ನೂರಕ್ಕೆ ಐದರಿಂದ ಎಂಟು ಅವಳಿಯಾಗುತ್ತವೆ. ಆ ಗುಳಿಗೆ ನುಂಗಿದ್ದನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಅವಳಿ ಇರಬಹುದೇ ಎಂಬ ಅನುಮಾನವೇ ನರ್ಸಮ್ಮನಿಗೆ ಬರುವುದಿಲ್ಲ.

ಇನ್ನು ಜೋಡಿ ಬಾಳೆಹಣ್ಣು ತಿಂದರೆ ಅವಳಿ ಆಗುತ್ತದೆ ಎಂಬ ಮಾತು. ಹೊಸ ಸೊಸೆಯ ಕೈಯಿಂದ ಅಂಟಿಕೊಂಡ ಬಾಳೆಹಣ್ಣನ್ನು ಕಸಿದುಕೊಳ್ಳದ ಅಜ್ಜಿ ಇದ್ದಾಳೆಯೇ! ಪಾಪ, ಆ ಹಣ್ಣಿನದೇನೂ ತಪ್ಪಿಲ್ಲ. ಒಂದೇ ತಿಂಗಳಲ್ಲಿ ಎರಡು ತತ್ತಿ ಬಿಡುಗಡೆಯಾಗಿ ಎರಡೂ ಫಲವಾದರೆ ಒಂದು ಬಗೆಯ ಅವಳಿ. ಇದು ತಾಯಿಯ ಮನೆತನದ ಕಡೆಯಿಂದ ಬರುವುದುಂಟು, ವಯಸ್ಸು ಮೂವತ್ತೈದರ ಹತ್ತಿರ ಬಂದವರಲ್ಲಿ ಹೆಚ್ಚು. ಒಂದೇ ತತ್ತಿ ಫಲವಾದ ಮೇಲೆ ಎರಡಾಗಿ ಒಡೆದರೆ ಇನ್ನೊಂದು ಬಗೆ. ಇದಕ್ಕೆ ವಯಸ್ಸಿಲ್ಲ, ವಂಶವಿಲ್ಲ. ಲೋಕದ ಎಲ್ಲ ಕಡೆ ಸಾವಿರ ಹೆರಿಗೆಗೆ ಮೂರು-ನಾಲ್ಕರಂತೆ ಆಗುತ್ತಲೇ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕೊಡಿಂಞಿ ಎಂಬ ಊರಿದೆ. ಓಣಿ ಓಣಿಯಲ್ಲಿ ಅವಳಿಗಳಿರುವ ಆ ಊರಿಗೆ ವಿಜ್ಞಾನಿಗಳು ಹೋಗಿ ನೀರು, ರಕ್ತ, ಜೊಲ್ಲು ಎಲ್ಲ ಪರೀಕ್ಷಿಸಿ ಬಂದರೂ ಇದೇ ಕಾರಣ ಎಂದು ಖಚಿತವಾಗಿ ಬೆರಳು ಮಾಡಲಾಗಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಹೊಟ್ಟೆಯಲ್ಲಿ ಎರಡು ಕೂಸಿವೆ ಎಂದು ತಿಳಿದರೆ ಸಾಲದು. ಎರಡಕ್ಕೂ ಬೇರೆ ಬೇರೆ ಮಾಸು ಇದೆಯೋ, ಎರಡೂ ಒಂದೇ ಮಾಸಿಗೆ ಜೋತುಕೊಂಡಿವೆಯೋ ಎಂಬುದು ತಿಳಿಯಬೇಕು. ಹೆರಿಗೆಯಾದ ಮೇಲೆ ನೀವು "ಕಸ ಬಿತ್ತೇನು?" ಎಂದು ಕೇಳುತ್ತೀರಲ್ಲ, ಆ ಮಾಸು. ಕೂಸಿಗೆ ಅನ್ನ, ನೀರು, ಉಸಿರು ಎಲ್ಲ ಅದರಿಂದಲೇ.

ಎರಡು ತತ್ತಿಯ ಅವಳಿಗೆ ಹೆಚ್ಚುಕಡಿಮೆ ಯಾವಾಗಲೂ ಎರಡು ಮಾಸು. ಒಂದು ತತ್ತಿಯ ಅವಳಿಯಲ್ಲಿ ತತ್ತಿ ಒಡೆದ ದಿನ ಲೆಕ್ಕಕ್ಕೆ ಬರುತ್ತದೆ. ಮೊದಲ ಮೂರು ದಿನದೊಳಗೆ ಒಡೆದರೆ ಎರಡು ಮಾಸು; ನಾಲ್ಕರಿಂದ ಎಂಟು ದಿನದೊಳಗೆ ಒಡೆದರೆ ಮಾಸು ಒಂದೇ, ಕೂಸಿನ ಸುತ್ತಲಿನ ನೀರಿನ ಚೀಲ ಎರಡು; ಅದರ ನಂತರ ಒಡೆದರೆ ಮಾಸೂ ಒಂದೇ, ಚೀಲವೂ ಒಂದೇ. ಹದಿಮೂರು ದಿನ ದಾಟಿದ ಮೇಲೆ ಒಡೆಯತೊಡಗಿದರೆ ಪೂರ್ತಿ ಬೇರ್ಪಡದೆ ಅಂಟಿಕೊಂಡ ಕೂಸುಗಳಾಗುತ್ತವೆ. 2007ರ ನವೆಂಬರಿನಲ್ಲಿ ಬೆಂಗಳೂರಿನ ಸ್ಪರ್ಶ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲರ ತಂಡ ಬಿಹಾರದ ಎರಡು ವರ್ಷದ ಹೆಣ್ಣುಕೂಸಿಗೆ ಒಂದು ದಿನಕ್ಕೂ ಮೀರಿ ಶಸ್ತ್ರಚಿಕಿತ್ಸೆ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ಟಿ.ವಿ.ಯಲ್ಲಿ ನೋಡಿದ ನೆನಪಿರಬೇಕು. ನಾಲ್ಕು ಕೈ, ನಾಲ್ಕು ಕಾಲಿನ ಆ ಕೂಸನ್ನು ಊರಿನವರು ದೇವಿಯೆಂದು ಪೂಜಿಸಿದ್ದರು. ಪೂರ್ತಿ ಬೆಳೆಯದ ಅವಳಿಯೊಂದು ಅವಳ ಮೈಗೆ ಅಂಟಿಕೊಂಡಿತ್ತು, ಡಾಕ್ಟರುಗಳು ಅದನ್ನು ಬಿಡಿಸಿದರು. ಅಂಥವು ತೀರ ಅಪರೂಪ. ಆದರೆ ಒಂದೇ ಮಾಸಿನ ಅವಳಿ ಅಪರೂಪವೇನಲ್ಲ. ಹತ್ತು ಜೋಡಿಯಲ್ಲಿ ಎರಡೋ ಮೂರೋ ಇರುತ್ತವೆ.

ಒಂದೇ ಮಾಸಿನಲ್ಲಿ ಇಬ್ಬರ ರಕ್ತನಾಳಗಳು ಒಳಗೊಳಗೇ ಕೂಡಿಕೊಂಡಿರುತ್ತವೆ. ಇಂಥ ನೂರು ಜೋಡಿಯಲ್ಲಿ ಹತ್ತರಿಂದ ಹದಿನೈದರಲ್ಲಿ ಆ ಹಂಚಿಕೆ ಹದಗೆಡುತ್ತದೆ. ಒಂದರ ರಕ್ತ ಇನ್ನೊಂದಕ್ಕೆ ಹರಿದು, ಕೊಟ್ಟದ್ದು ಒಣಗುತ್ತದೆ. ಪಡೆದದ್ದು ಭಾರ ತಾಳದೆ ಸೋಲುತ್ತದೆ. ಏನೂ ಮಾಡದಿದ್ದರೆ ಎರಡನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಇದು ತಲೆದೋರುವುದು ಸಾಮಾನ್ಯವಾಗಿ ನಾಲ್ಕರಿಂದ ಆರನೇ ತಿಂಗಳೊಳಗೆ. ಆದ್ದರಿಂದಲೇ ಮಾಸು ಒಂದೇ ಎಂದು ಗೊತ್ತಾದ ಬಸುರಿಗೆ 16ನೇ ವಾರದಿಂದ ಎರಡೆರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಎರಡು ಮಾಸಿದ್ದರೆ ನಾಲ್ಕು ವಾರಕ್ಕೊಮ್ಮೆ ಸಾಕು. ಬೇಗ ಕಂಡರೆ ಚಿಕಿತ್ಸೆಯಿದೆ. ಹೊಟ್ಟೆಯೊಳಕ್ಕೆ ಸಣ್ಣ ದುರ್ಬೀನು ಇಳಿಸಿ, ಕೂಡಿಕೊಂಡ ನಾಳಗಳನ್ನು ಲೇಸರಿನಿಂದ ಸುಟ್ಟು ಮುಚ್ಚುತ್ತಾರೆ. ಕೂಸಿನ ಚೀಲದಲ್ಲಿ ಹೆಚ್ಚಿದ ನೀರನ್ನು ಬರೇ ಬಸಿಯುವುದಕ್ಕಿಂತ ಇದು ಮೇಲು ಎಂದು ಯುರೋಪಿನ ವೈದ್ಯರು 2004ರಲ್ಲೇ ತೋರಿಸಿದರು. ಬೆಂಗಳೂರಿನಲ್ಲಿ ಇದನ್ನು ಮಾಡುವ ತಜ್ಞರಿದ್ದಾರೆ. ಆದರೆ ಕುಂದಗೋಳದಿಂದ ಅಷ್ಟು ದೂರ ಸಮಯಕ್ಕೆ ತಲುಪಬೇಕಾದರೆ ಮೊದಲೇ ತಿಳಿದಿರಬೇಕು.

ತಿಳಿಯುವುದು ಹೇಗೆ? 11 ವಾರದಿಂದ 14 ವಾರ ತುಂಬುವುದರೊಳಗೆ ಮಾಡುವ ಸ್ಕ್ಯಾನಿನಲ್ಲಿ ಎರಡು ಕೂಸುಗಳ ನಡುವಿನ ಪೊರೆ ಮಾಸಿಗೆ ಸೇರುವ ಜಾಗವನ್ನು ಡಾಕ್ಟರು ನೋಡುತ್ತಾರೆ. ಎರಡು ಮಾಸಿದ್ದರೆ ಆ ಜಾಗ ಇಬ್ಬರ ಹೊಲದ ನಡುವಿನ ಬದುವಿನಂತೆ ಬುಡದಲ್ಲಿ ದಪ್ಪಗಾಗಿ ಎದ್ದಿರುತ್ತದೆ. ಒಂದೇ ಮಾಸಿದ್ದರೆ ತೆಳುವಾದ ಪೊರೆ ನೇರ ಬಂದು ತಾಗಿರುತ್ತದೆ, ಬದು ಇರುವುದಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು ಈ ಗುರುತು ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು 1996ರಲ್ಲಿ ಪ್ರಕಟಿಸಿದರು. ಎರಡು ಮಾಸು ಅಕ್ಕಪಕ್ಕ ಬೆಳೆದು ಕೂಡಿಕೊಂಡು ಒಂದರಂತೆ ಕಾಣುವುದೂ ಉಂಟು. ಆಗಲೂ ಈ ಗುರುತು ಕೈಬಿಡುವುದಿಲ್ಲ. ಆದರೆ ಬಸುರು ಬಲಿತಂತೆ ಅದು ಸವೆಯುತ್ತದೆ. ಐದನೇ ತಿಂಗಳಿಗೆ ಹೋದರೆ, ಖಚಿತವಾಗಿ ಹೇಳಲಾಗದು ಎಂದು ಡಾಕ್ಟರೇ ಕೈಚೆಲ್ಲಬಹುದು.

ಬೇರೆ ದೇಶಗಳಲ್ಲಿ ತಡವಾಗಿ ಬಂದವರಿಗೂ ಒಂದು ಹಿಂಬಾಗಿಲಿದೆ. ಒಂದು ಗಂಡು ಒಂದು ಹೆಣ್ಣು ಕಂಡರೆ ಮಾಸು ಎರಡಿವೆ ಎಂದು ಡಾಕ್ಟರು ವರದಿಯಲ್ಲಿ ಬರೆದುಬಿಡುತ್ತಾರೆ. ನಮ್ಮಲ್ಲಿ 1994ರ ಕಾಯ್ದೆಯ ಪ್ರಕಾರ ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, ಬರೆಯುವಂತಿಲ್ಲ, ಸನ್ನೆ ಮಾಡುವಂತೆಯೂ ಇಲ್ಲ. ಆ ಕಾಯ್ದೆ ಬೇಕೇ ಬೇಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಹೆಣ್ಣುಭ್ರೂಣ ಹತ್ಯೆಯ ಜಾಲದವರು ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದರು ಎಂಬ ಸುದ್ದಿ ಓದಿದ ಯಾರೂ ಅದನ್ನು ಸಡಿಲಿಸಿ ಎನ್ನಲಾರರು. ಹಾಗಿರುವಾಗ ಮೂರನೇ ತಿಂಗಳ ಸ್ಕ್ಯಾನಿಗೆ ನಮ್ಮಲ್ಲಿ ಇನ್ನೂ ಹೆಚ್ಚಿನ ಬೆಲೆ ಬರಬೇಕು. ದಯವಿಟ್ಟು ಸ್ಕ್ಯಾನ್ ಕೋಣೆಯ ಮುಂದೆ "ಏನೈತ್ರೀ?" ಎಂದು ಕೇಳಬೇಡಿ. "ಎಷ್ಟು ಅದಾವ್ರೀ, ಮಾಸ ಎಷ್ಟು ಅದಾವ್ರೀ?" ಎಂದು ಕೇಳಿ. ವರದಿಯಲ್ಲಿ ಡೈಕೋರಿಯಾನಿಕ್ ಅಥವಾ ಡಿಸಿ ಎಂದಿದ್ದರೆ ಎರಡು, ಮೊನೊಕೋರಿಯಾನಿಕ್ ಅಥವಾ ಎಂಸಿ ಎಂದಿದ್ದರೆ ಒಂದು. ಕಾಲೇಜಿಗೆ ಹೋಗುವ ಮೊಮ್ಮಗಳಿದ್ದರೆ ಓದಿ ಹೇಳುತ್ತಾಳೆ. ಬರೆದಿರದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ, ತಾಯಿ ಕಾರ್ಡಿನಲ್ಲೂ ಬರೆಸಿ.

11 ವಾರ, 14 ವಾರ ಎಂದರೆ ಲೆಕ್ಕ ತಪ್ಪುತ್ತದೆ ಎನ್ನುವಿರಾ? ವಾರ ಎಣಿಸುವುದು ಕೊನೆಯ ಸಲ ಹೊರಗಾದ ಮೊದಲ ದಿನದಿಂದ. ತಾರೀಖು ನೆನಪಿರದ ಸೊಸೆಗೂ ಹಬ್ಬ ನೆನಪಿರುತ್ತದೆ. ನಾಗರಪಂಚಮಿಗೆ ತವರಿಗೆ ಹೋದಾಗ ಹೊರಗಾಗಿದ್ದೆ, ಆಮೇಲೆ ಆಗಲಿಲ್ಲ ಎಂದರೆ ದೀಪಾವಳಿಯ ಪಾಡ್ಯಕ್ಕೆ ಸರಿಯಾಗಿ 12 ವಾರ. ಕಾರಹುಣ್ಣಿಮೆಗೆ ಹೊರಗಾದವಳಿಗೆ ಗಣೇಶ ಚೌತಿಗೆ 11 ವಾರ ತುಂಬುತ್ತದೆ. ಅನಂತ ಚತುರ್ದಶಿಗೆ ಗಣಪತಿ ಕಳಿಸುವುದರೊಳಗೆ ಸ್ಕ್ಯಾನ್ ಮುಗಿಸಿದರೆ ಸರಿಹೋಯಿತು. ಯುಗಾದಿಗೆ ಹೊರಗಾದವಳಿಗೆ ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಹನ್ನೆರಡೂವರೆ ವಾರ. ನಡುವೆ ಅಧಿಕ ಮಾಸ ಬಂದರೆ ಮಾತ್ರ ಈ ಲೆಕ್ಕ ಒಂದು ತಿಂಗಳು ಜಾರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಪಂಚಮಿಯೇ ಹಿಂದೆ ಬಿದ್ದಿತ್ತು, ನೆನಪಿರಬಹುದು. ಅಂಥ ವರ್ಷ ಕ್ಯಾಲೆಂಡರಿನ ತಾರೀಖನ್ನೇ ಎಣಿಸಿ. ಹಬ್ಬದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುವುದು ಕಷ್ಟ, ಒಪ್ಪಬೇಕು. ಹಬ್ಬದ ಹಿಂದಿನ ವಾರವೋ ಮುಂದಿನ ವಾರವೋ ಹೋದರೂ ನಡೆಯುತ್ತದೆ, ಹದಿನಾಲ್ಕು ವಾರ ದಾಟಬಾರದು ಅಷ್ಟೇ.

ಈ ತಿಂಗಳುಗಳಲ್ಲಿ ಸೊಸೆ ಹೇಗಿರುತ್ತಾಳೆ ಎಂಬುದನ್ನೂ ಸ್ವಲ್ಪ ನೋಡೋಣ. ಅವಳಿ ಬಸುರಿನಲ್ಲಿ ವಾಂತಿ ಜಾಸ್ತಿ. ಮಾಸು ಹೊರಡಿಸುವ ಹಾರ್ಮೋನು ಹೆಚ್ಚಿರುವುದರಿಂದ ಹಾಗೆ. "ನಾವೇನ್ ಹಡದಿಲ್ಲೇನು, ಎಲ್ಲಾರಿಗೂ ಆಗೂದ" ಎಂದು ಸುಮ್ಮನಾಗಬೇಡಿ. ಕುಡಿದ ನೀರೂ ನಿಲ್ಲದೆ, ಉಚ್ಚೆ ಕಡಿಮೆಯಾಗಿ, ಎದ್ದು ನಿಂತರೆ ತಲೆ ತಿರುಗಿದರೆ ಸಲೈನ್ ಹಾಕಿಸಲೇಬೇಕು. ಬೆಳಿಗ್ಗೆ ಏಳುವ ಮೊದಲು ಒಣ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಳ್ಳಲಿ, ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನಲಿ.

ಎರಡು ಕೂಸಿವೆ ಎಂದು ಮೂರು ಜನರ ಊಟ ತುರುಕಬೇಕಿಲ್ಲ. ಅದಕ್ಕೆ ತಿರುಗಾಮುರುಗಾ, ಹೆಚ್ಚು ಉಂಡರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆಂದು ತಾಟಿನಿಂದ ತೆಗೆಯುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಅದಂತೂ ಬೇಡವೇ ಬೇಡ. ಹೆಸರುಕಾಳು, ಮೆಂತ್ಯದ ಪಲ್ಯ, ಶೇಂಗಾ, ಮೊಸರು, ತಿನ್ನುವವರಾದರೆ ತತ್ತಿ, ಇವೆಲ್ಲ ನಿಮ್ಮ ಎರೆ ಹೊಲದಲ್ಲಿ, ಹಿತ್ತಲಲ್ಲಿ ಇರುವವೇ. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಗುಳಿಗೆ, ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಕೆಂಪು ಗುಳಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತ ಕಡಿಮೆ ಇತ್ತು. ಇರುವ ರಕ್ತವನ್ನೇ ಎರಡು ಕೂಸು ಹಂಚಿಕೊಂಡರೆ ತಾಯಿಗೆ ಉಳಿಯುವುದೇನು? "ಗುಳಿಗಿ ತಿಂದರ ಕೂಸು ಕರ್ರಗ ಹುಟ್ಟತೈತಿ" ಎಂಬ ಮಾತನ್ನು ಇನ್ನು ಬಿಡಿ. ಕರ್ರಗಾಗುವುದು ಮಲ ಮಾತ್ರ. ಊಟವಾದ ಮೇಲೆ ನುಂಗಲಿ, ಅದರ ಬೆನ್ನಿಗೇ ಚಹಾ ಬೇಡ. ಅವಳಿ ಬಸುರಿಯರಲ್ಲಿ ಬಿ.ಪಿ. ಏರುವುದೂ ಹೆಚ್ಚು; ಅದನ್ನು ತಡೆಯಲು 12ನೇ ವಾರದ ಸುಮಾರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಬೇಕೋ ಎಂಬುದನ್ನು ಡಾಕ್ಟರು ಹೇಳುತ್ತಾರೆ. ಅದೂ ಬೇಗ ಹೋದವರಿಗೆ ಸಿಗುವ ಲಾಭ.

ಒಂದು ಸಂಗತಿಯನ್ನು ಇನ್ನಷ್ಟು ಮೆದುವಾಗಿ ಹೇಳಬೇಕು. ಆರು-ಏಳನೇ ವಾರದಲ್ಲಿ ಎರಡು ಕಂಡದ್ದು ಮೂರು ತಿಂಗಳಿಗೆ ಒಂದೇ ಆಗಿರುವುದುಂಟು. ಸ್ವಲ್ಪ ಕೆಂಪು ಕಂಡೋ ಕಾಣದೆಯೋ ಒಂದು ಕೂಸು ಒಳಗೇ ಕರಗಿಹೋಗುತ್ತದೆ. ತೀರ ಮೊದಲಲ್ಲೇ ಸ್ಕ್ಯಾನಿನಲ್ಲಿ ಕಂಡ ಅವಳಿಗಳಲ್ಲಿ ನೂರಕ್ಕೆ 20ರಿಂದ 30ರಷ್ಟು ಹೀಗಾಗುತ್ತದೆ. ಉಳಿದ ಕೂಸು ಬಹುಪಾಲು ಚೆನ್ನಾಗಿಯೇ ಬೆಳೆಯುತ್ತದೆ. ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ: ಹೊಸ್ತಿಲ ಮೇಲೆ ಕೂತಳು, ಕೊಡ ಎತ್ತಿದಳು, ಗ್ರಹಣದಲ್ಲಿ ಹೊರಗೆ ಬಂದಳು. ಅವಳು ಮಾಡಿದ್ದರಿಂದ ಆದದ್ದಲ್ಲ. ಈ ಮಾತನ್ನು ಡಾಕ್ಟರು ಹೇಳುವುದಕ್ಕಿಂತ ಅತ್ತೆ ಹೇಳಿದರೆ ಆ ಹುಡುಗಿ ರಾತ್ರಿ ನಿದ್ದೆ ಮಾಡಿಯಾಳು.

ಇನ್ನು ಕುಬಸ, ತವರುಮನೆ. ತವರಿನವರು ಸದ್ದಿಲ್ಲದೆ ಬಂದು ಮಾಡುವ ಕಳ್ಳ ಕುಬಸ ಚೆಂದ, ಹಸಿರು ಬಳೆ ಇಡಿಸಿ ಮಾಡುವ ದೊಡ್ಡ ಕುಬಸವೂ ಚೆಂದ. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಒಂಬತ್ತರಲ್ಲಿ ಕುಬಸ ಇಟ್ಟುಕೊಂಡರೆ ಕೂಸುಗಳು ಕಾಯದೇ ಹೋಗಬಹುದು. ಏಳರಲ್ಲಿ ತವರಿಗೆ ಕಳಿಸುವಾಗ ಇನ್ನೊಂದು ತೊಡಕು ಬರುತ್ತದೆ. ಆರು ತಿಂಗಳು ನೋಡಿದ ಆಶಾ, ನರ್ಸು, ಡಾಕ್ಟರು ಈ ಊರಲ್ಲಿ ಉಳಿದರು, ಸೊಸೆ ನವಲಗುಂದದ ಕಡೆಗೋ ಸವಣೂರಿನ ಕಡೆಗೋ ಹೋದಳು. ಅಲ್ಲಿಯವರಿಗೆ ಅವಳ ಹೊಟ್ಟೆಯಲ್ಲಿ ಎರಡಿವೆ ಎಂಬುದು ಕಾಗದ ತೋರಿಸಿದರೆ ಮಾತ್ರ ಗೊತ್ತು. ಅವಳಿ ಬಸುರಿ ತವರಿಗೆ ಹೋಗಲೇಬಾರದೆಂದು ಯಾರೂ ಹೇಳುವುದಿಲ್ಲ. ಬೀಗರ ಜೊತೆ ಕೂತು, ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂಬುದನ್ನು ಮೊದಲು ಗೊತ್ತು ಮಾಡಿ, ಅದಕ್ಕೆ ಹತ್ತಿರವಾದ ಮನೆಯಲ್ಲಿ ಕೊನೆಯ ಎರಡು ತಿಂಗಳು ಇರಿಸಿ. ಬೇಗ ಹುಟ್ಟಿದ ಸಣ್ಣ ಕೂಸುಗಳನ್ನು ನೋಡಿಕೊಳ್ಳುವ ಘಟಕ ಇರುವಲ್ಲಿಯೇ ಹೆರಿಗೆಯಾಗಬೇಕು. ಈ ಭಾಗಕ್ಕೆ ಅಂದರೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ದೊಡ್ಡ ಸರಕಾರಿ ಆಸ್ಪತ್ರೆ, ಇಲ್ಲವೇ ಧಾರವಾಡದ ಜಿಲ್ಲಾ ಆಸ್ಪತ್ರೆ. ಮಳೆಗಾಲದ ಕೊನೆಗೆ ದಿನ ತುಂಬುವುದಾದರೆ ಬೆಣ್ಣೆಹಳ್ಳದ ಸ್ವಭಾವ ನಿಮಗೆ ಹೇಳಿಕೊಡಬೇಕಿಲ್ಲ; ಅದು ಉಕ್ಕಿದ ರಾತ್ರಿ 108ರ ಗಾಡಿಯೂ ಆಚೆ ದಂಡೆಯಲ್ಲಿ ನಿಲ್ಲುತ್ತದೆ.

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಯದೆ ಇರಲಾಗದು. ತಮಿಳುನಾಡಿನಿಂದ ಬಂದು ಅಲ್ಲಿ ಬಾಡಿಗೆ ಮನೆಯಲ್ಲಿದ್ದ ಬಡ ಬಸುರಿಯೊಬ್ಬಳಿಗೆ ನೋವು ಶುರುವಾಯಿತು. ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ, ಬೆಂಗಳೂರಿಗೆ ಹೋಗಿ ಎಂದು ವಾಪಸು ಕಳಿಸಿದರೆಂದು ಆಗಿನ ವರದಿಗಳು ಹೇಳಿದವು. ಮನೆಯಲ್ಲೇ ಹೆರಿಗೆಯಾಯಿತು. ಹೊಟ್ಟೆಯಲ್ಲಿದ್ದದ್ದು ಅವಳಿ. ತಾಯಿ ಮತ್ತು ಎರಡೂ ಕೂಸು ತೀರಿಕೊಂಡರು. ಅವಳ ಪುಟ್ಟ ಮಗಳೊಬ್ಬಳು ಉಳಿದಳು. ಕರ್ತವ್ಯದಲ್ಲಿದ್ದ ವೈದ್ಯೆ, ನರ್ಸುಗಳು ಅಮಾನತಾದರು, ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಅಲ್ಲಿಗೆ ಹೋಗಿ ಬಂದರು, ತುರ್ತು ಚಿಕಿತ್ಸೆಗೆ ಕಾಗದಪತ್ರ ಕೇಳಕೂಡದು ಎಂದು ಸರಕಾರ ಸೂಚಿಸಿತು.

ತಪ್ಪು ಆ ಹೆಣ್ಣುಮಗಳದಲ್ಲ. ನೋವಿನಲ್ಲಿ ಬಂದವಳನ್ನು ಯಾವ ಕಾಗದವಿಲ್ಲದೆಯೂ ಒಳಗೆ ಕರೆದುಕೊಳ್ಳಬೇಕು. ನಿಮ್ಮ ಮನೆಯವರಿಗೆ ಯಾರಾದರೂ ಹಾಗೆ ಹೇಳಿದರೆ ಗಟ್ಟಿಯಾಗಿ ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಅಂಥ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಮೂರನೇ ತಿಂಗಳೊಳಗೆ ಹೆಸರು ಬರೆಸಿ, ಅವಳಿ ಎಂದು ನಮೂದಾಗಿ, ಅಪಾಯದ ಬಸುರು ಎಂಬ ಕೆಂಪು ಚೀಟಿ ಅಂಟಿಸಿದ ತಾಯಿ ಕಾರ್ಡು ಕೈಯಲ್ಲಿದ್ದರೆ ಸೊಸೆ ಬಾಯಿ ಬಿಡಬೇಕಾದ ಪ್ರಮೇಯವೇ ಕಡಿಮೆ. ಆ ಕೆಂಪು ಬಣ್ಣ ಕಂಡು ಗಾಬರಿಯಾಗಬೇಡಿ, ಅದನ್ನು ಕಿತ್ತು ಹಾಕಬೇಡಿ. ಅದಿದ್ದರೆ ಸಾಲಿನಲ್ಲಿ ಅವಳನ್ನು ಮೊದಲು ನೋಡುತ್ತಾರೆ.

2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಸರಕಾರಿ ಆಸ್ಪತ್ರೆಯ ಸ್ಕ್ಯಾನು, ರಕ್ತ ಪರೀಕ್ಷೆ, ಹೋಗಿಬರುವ ವಾಹನ ಎಲ್ಲ ಬಸುರಿಯರಿಗೆ ಉಚಿತವಾಗಿ ಸಿಗಬೇಕೆಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಹೇಳುತ್ತಿದೆ. ಕುಂದಗೋಳ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಳ್ಳಿ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿಗೆ ಚೀಟಿ ಬರೆಸಿಕೊಳ್ಳಿ. ಹೊರಡುವಾಗ ತಾಯಿ ಕಾರ್ಡು, ಹಳೆಯ ವರದಿಗಳು, ನುಂಗುತ್ತಿರುವ ಗುಳಿಗೆಗಳ ಖಾಲಿ ಪಟ್ಟಿ ಒಂದೇ ಚೀಲದಲ್ಲಿರಲಿ. ಸೊಸೆಯನ್ನು ಒಬ್ಬಳನ್ನೇ ಕಳಿಸಬೇಡಿ, ಮಗನನ್ನೂ ಕರೆದುಕೊಂಡು ನೀವೇ ಹೋಗಿ. ಡಾಕ್ಟರು ಹೇಳಿದ್ದು ಮೂವರ ಕಿವಿಗೆ ಬಿದ್ದರೆ, ಮನೆಗೆ ಬಂದ ಮೇಲೆ ಮುಂದಿನ ಸ್ಕ್ಯಾನ್ ಯಾವಾಗ ಎಂಬ ಜಗಳ ಇರುವುದಿಲ್ಲ.



ಇಂತಿ ತಮ್ಮ ವಿಶ್ವಾಸಿ,
ಧಾರವಾಡ ಸೀಮೆಯ ಒಬ್ಬ ಲೇಖಕಿ